ತೇಗದ ದಪ್ಪ ಹನಿ

ಬನ್ನಿ ಮಕ್ಕಳೇ, ಕಾಲು ಮಡಚಿ ಕೂತು ಕೇಳಿ. ಇಳಿಜಾರಿನ ಕಾಡಿನಲ್ಲಿ ಒಂದು ತೇಗದ ಮರವಿತ್ತು, ಅದರ ಬುಡದಲ್ಲಿ ಹುಲ್ಲಿತ್ತು. ಮಳೆಗೆ ಮಣ್ಣು ಎಷ್ಟು ಕೊಚ್ಚಿಹೋಗುತ್ತದೆಂದು ತಿಳಿಯಲು, ಕಾಡಿನ ವಿಷಯ ಓದಿದವರು ಅಲ್ಲೇ ಒಂದು ಕಬ್ಬಿಣದ ಮೊಳೆಯನ್ನು ಅದರ ತಲೆ ಮಣ್ಣಿನ ಮಟ್ಟಕ್ಕೆ ಬರುವಂತೆ ಹೂತಿದ್ದರು.

ತೇಗ ಒಂದು ದಿನ ಕಡವೆಯನ್ನು ಕರೆದು, “ಈ ಹುಲ್ಲು ನನ್ನ ನೀರನ್ನೆಲ್ಲ ಕುಡಿಯುತ್ತದೆ, ಮೇದುಬಿಡು,” ಎಂದಿತು.

“ಬೇಡ ತೇಗಣ್ಣ, ಮಳೆ ಬಂದರೆ ಮಣ್ಣಿಗೆ ಯಾರು ದಿಕ್ಕು?” ಎಂದಿತು ಹುಲ್ಲು.

“ಮೊರದಗಲ ಎಲೆ ಇರುವ ನನಗೆ ಮೊಣಕಾಲುದ್ದದ ನೀನು ಬುದ್ಧಿ ಹೇಳುತ್ತೀಯಾ?”

ಕಡವೆ ಬುಡದವರೆಗೂ ಮೇದು ಹೋಯಿತು. ಮಳೆ ಹೊಡೆಯಿತು. ಆಗ ಮೊಳೆ ಕೂಗಿತು: “ತೇಗಪ್ಪಾ, ನಾನು ಎರಡು ಬೆರಳು ಹೊರಗೆ ಬಂದೆ! ನಿನ್ನ ಎಲೆಗಳೇ ನೀರು ಕೂಡಿಸಿ ದಪ್ಪ ದಪ್ಪ ಹನಿ ಕೆಡವುತ್ತಿವೆ. ನಿನ್ನ ಬೇರು ನೋಡಿಕೋ!”

ಬೇರು ಬತ್ತಲೆಯಾಗಿತ್ತು. ಇನ್ನೆರಡು ಮಳೆ ಬಂದರೆ ತಾನು ಉರುಳುವುದು ಖಂಡಿತ. ತೇಗ ಹುಲ್ಲನ್ನು ಕರೆದು, “ತಂಗೀ, ಬದುಕಿದ್ದೀಯಾ?” ಎಂದಿತು.

“ನನ್ನ ಬೇರು ಗಟ್ಟಿ ಇದೆಯಣ್ಣ. ಇಷ್ಟು ದಿನ ಆ ಹನಿಗಳಿಗೆ ತಲೆ ಕೊಟ್ಟವಳು ನಾನೇ. ಕಡವೆ ಬಾರದಿದ್ದರೆ ಮತ್ತೆ ಚಿಗುರುತ್ತೇನೆ.”

ತೇಗ ಕಡವೆಯನ್ನು ಬೇಡಿಕೊಂಡು ತೊರೆಯಾಚೆ ಕಳಿಸಿತು. ಹುಲ್ಲು ವಾರದಲ್ಲೇ ಹಬ್ಬಿತು. “ನಾನು ನಿಂತಿರುವುದು ನಿನ್ನಿಂದ, ತಾಯೀ,” ಎಂದು ತೇಗ ತಲೆಬಾಗಿತು.

ಆಮೇಲೆ ಏನಾಯಿತು ಅಂತೀರಾ? ಕಡವೆಗೆ ತೊರೆಯಾಚೆ ಸೊಂಪಾದ ಮೇವು ಸಿಕ್ಕಿತು. ತೇಗ ಬೇಸಿಗೆ ಬಂದಾಗಲೆಲ್ಲ ಎಲೆ ಉದುರಿಸಿ ಹುಲ್ಲಿನ ಬೇರಿಗೆ ಹೊದಿಸುತ್ತದೆ. ಮೇಲಿನಿಂದ ಹರಿದುಬಂದ ಮಣ್ಣನ್ನು ಹುಲ್ಲು ತಡೆದು ಹಿಡಿದು, ಮೊಳೆ ಅದರಲ್ಲಿ ಪೂರಾ ಮುಳುಗಿತು. ಅಳೆಯಲು ಬಂದವರು ಹುಡುಕಿದರೂ ಮೊಳೆ ಸಿಗದೆ, ಮಣ್ಣು ಕೊಚ್ಚಿಹೋಗಿಲ್ಲವೆಂದು ನಗುನಗುತ್ತಾ ಮನೆಗೆ ಹೋದರು.