ಜೈನಬಿ ಅವ್ವನ ಕೆಂಪು ಕಾಳು

ಭೀಮಾ ನದಿಯ ದಂಡೆಯ ಮೇಲೆ ಒಂದು ಬೇವಿನ ಮರ. ಅದರ ಕೆಳಗೆ ಒಂದು ಗೋರಿ. ಗೋರಿಯ ಪಕ್ಕದಲ್ಲಿ ಮಣ್ಣಿನ ಗೋಡೆಯ ಎರಡು ಕೋಣೆ. ಫಕೀರರು ಇರುವ ಆ ಜಾಗವನ್ನು ಜನ ತಕ್ಯಾ ಎನ್ನುತ್ತಿದ್ದರು. ಅಲ್ಲಿ ಜೈನಬಿ ಅವ್ವ ಇದ್ದಳು.

ಗೋರಿ ಅವಳ ಗುರುವಿನದು. ಗುರು ತೀರಿಕೊಂಡ ದಿನ ಪ್ರತಿ ವರ್ಷ ಸುತ್ತಲಿನ ಊರುಗಳಿಂದ ನಲವತ್ತು ಐವತ್ತು ಜನ ಬರುತ್ತಿದ್ದರು. ರೊಟ್ಟಿಯನ್ನು ಅವರೇ ಬಟ್ಟೆಯಲ್ಲಿ ಕಟ್ಟಿಕೊಂಡು ತರುತ್ತಿದ್ದರು. ಅವ್ವ ಒಂದೇ ಅಡುಗೆ ಮಾಡುತ್ತಿದ್ದಳು. ದನದ ಮಾಂಸದ ಖೀಮಾ, ಕೆಂಪು ರಾಜ್ಮಾ ಕಾಳು, ಬ್ಯಾಡಗಿ ಮೆಣಸಿನಕಾಯಿಯ ಖಾರ. ಗುರು ಬದುಕಿದ್ದಾಗ ಬಂದವರಿಗೆಲ್ಲ ಅದನ್ನೇ ಬಡಿಸುತ್ತಿದ್ದರಂತೆ.

ಆ ವರ್ಷ, ಆ ದಿನಕ್ಕೆ ಒಂದೇ ದಿನ ಉಳಿದಿರುವಾಗ, ಅವ್ವ ನದಿಯ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಬಲಗೈಯ ಮಣಿಕಟ್ಟು ಮುರಿಯಿತು.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದವಳು ಶಿಷ್ಯನನ್ನು ಕರೆದಳು.

ಶಿಷ್ಯನ ಹೆಸರು ದಸ್ತಗೀರ. ಮೂವತ್ತೈದರ ಆಳು, ಎದೆಯವರೆಗೆ ಗಡ್ಡ. ಮೂರು ವರ್ಷದ ಹಿಂದೆ ಎಲ್ಲಿಂದಲೋ ಬಂದು ಸೇರಿದವನು. ನೀರು ತರುತ್ತಿದ್ದ, ಅಂಗಳ ಗುಡಿಸುತ್ತಿದ್ದ, ಕಟ್ಟಿಗೆ ಒಡೆಯುತ್ತಿದ್ದ. ಒಲೆಯ ಹತ್ತಿರ ಮಾತ್ರ ಸುಳಿಯುತ್ತಿರಲಿಲ್ಲ.

“ನಾಳಿ ಅಡಗಿ ನೀ ಮಾಡು,” ಎಂದಳು ಅವ್ವ.

ದಸ್ತಗೀರ ಒಂದು ಹೆಜ್ಜೆ ಹಿಂದೆ ಸರಿದ.

“ಅದೊಂದು ಹೇಳಬ್ಯಾಡ್ರಿ ಅವ್ವಾ. ನಾ ಒಲಿ ಮುಟ್ಟಂಗಿಲ್ಲ.”

“ಯಾಕ?”

ಮೂರು ವರ್ಷದಲ್ಲಿ ಅವಳು ಹಾಗೆ ಕೇಳಿದ್ದು ಅದೇ ಮೊದಲು.

ದಸ್ತಗೀರ ನೆಲದ ಮೇಲೆ ಕುಳಿತ. ಹೇಳತೊಡಗಿದ.

ಅವನು ಬಾವರ್ಚಿಯಾಗಿದ್ದ. ಮದುವೆ ಮನೆಗಳಲ್ಲಿ ಅಡುಗೆ ಮಾಡುವುದು ಅವನ ಕೆಲಸ. ಒಂದು ಸಲ ಒಂದೇ ದಿನ ಎರಡು ಊರಿನ ಮದುವೆ ಒಪ್ಪಿಕೊಂಡ. ಮೊದಲನೇ ಊರಿನಲ್ಲಿ ಮಾಡಿದ್ದು ಇದೇ ಅಡುಗೆ. ಕಾಳು ನೆನೆಯಲು ಹೊತ್ತು ಸಾಲಲಿಲ್ಲ. ಅವಸರಕ್ಕೆ ಟೊಮ್ಯಾಟೊವನ್ನೂ ಮೊದಲೇ ಹಾಕಿಬಿಟ್ಟ. ಹುಳಿ ಬಿದ್ದ ಮೇಲೆ ಕಾಳು ಬೇಗ ಬೇಯುವುದಿಲ್ಲ, ಅರೆಬೆಂದ ರಾಜ್ಮಾ ಹೊಟ್ಟೆಗೆ ವಿಷ. ಆ ಕಡೆ ಎರಡನೇ ಊರಿನ ಗಾಡಿ ಬಂದು ನಿಂತಿತ್ತು. ಗಾಡಿಯವನು ‘ನಡಿ, ಆತು’ ಎಂದ. ಅವನು ಗಡಿಗೆ ಇಳಿಸಿದ.

ಸಂಜೆಯ ಹೊತ್ತಿಗೆ ಮೂವತ್ತು ಜನ ವಾಂತಿ ಮಾಡಿಕೊಂಡರು. ಎಲ್ಲರೂ ಚೇತರಿಸಿಕೊಂಡರು. ಲಾಲಸಾಬ ಎನ್ನುವ ಮುದುಕ ಮಾತ್ರ ಮೂರನೇ ದಿನ ತೀರಿಕೊಂಡ.

“ಮಂದಿ ಏನಂದ್ರು?” ಅವ್ವ ಕೇಳಿದಳು.

“ಬಾವಿ ನೀರು ಕೆಟ್ಟಿತ್ತು ಅಂದ್ರು. ಆ ಬಾವಿನೂ ಮುಚ್ಚಿಸಿದ್ರು. ನಾ ಬಾಯಿ ಬಿಡಲಿಲ್ಲ. ಮುದುಕನ ಮಣ್ಣಿಗೆ ಹೋಗಿ ಹಿಂದ ನಿಂತಿದ್ದೆ. ಅಲ್ಲಿಂದ ಸೀದಾ ಇಲ್ಲಿಗೆ ಬಂದೆ.”

“ಕಾಳು ಬೆಂದಿಲ್ಲಂತ ನಿನಗ ಗೊತ್ತಿತ್ತೇನು?”

“ಗೊತ್ತಿತ್ತು.”

“ಹಿಚಗಿ ನೋಡಿದ್ದಿ?”

“ನೋಡಿದ್ದೆ. ನಡುವ ಗಟ್ಟಿ ಇತ್ತು.”

ಅವ್ವ ನದಿಯ ಕಡೆ ನೋಡಿದಳು.

“ಹಂಗಾರ ಬೆಂದದ್ದು ಯಾವುದು, ಬೇಯದ್ದು ಯಾವುದು ನಿನಗ ಗೊತ್ತಾಗತೈತಿ,” ಎಂದಳು. “ಹೋಗು, ಕಾಳು ನೆನಿ ಹಾಕು.”

ದಸ್ತಗೀರ ಎದ್ದು ಹೋಗಿ ಕಾಳು ಆರಿಸಿದ. ನೀರಲ್ಲಿ ಹಾಕಿದ. ಬೆಳಗಾಗುವುದರೊಳಗೆ ಮೂರು ಸಲ ನೀರು ಬದಲಿಸಿದ.

ಬೆಳಿಗ್ಗೆ ಒಲೆ ಹೊತ್ತಿಸುವಾಗ ಕಡ್ಡಿಪೆಟ್ಟಿಗೆಯ ನಾಲ್ಕು ಕಡ್ಡಿ ವ್ಯರ್ಥವಾದವು.

ಕಾಳು ನೆನೆದ ನೀರನ್ನು ಚೆಲ್ಲಿ, ಹೊಸ ನೀರು ಹಾಕಿ, ದೊಡ್ಡ ಉರಿಯಲ್ಲಿ ಕುದಿಸಿದ. ಇನ್ನೊಂದು ಒಲೆಯ ಮೇಲೆ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಜೀರಿಗೆ ಹುರಿದ. ಖೀಮಾ ಹಾಕಿ ಅದರ ನೀರು ಇಂಗುವ ತನಕ ತಿರುವಿದ. ಖಾರದ ಪುಡಿ ಹಾಕಿದಾಗ ಕೆಂಪು ಎಣ್ಣೆ ಮೇಲೆ ತೇಲಿತು. ಕೈ ಏನನ್ನೂ ಮರೆತಿರಲಿಲ್ಲ. ಮೂರು ವರ್ಷದ ಮೇಲೂ ಸೌಟು ಸರಿಯಾಗಿಯೇ ತಿರುಗುತ್ತಿತ್ತು. ಅದನ್ನು ಕಂಡು ಅವನಿಗೆ ಇನ್ನಷ್ಟು ಭಯವಾಯಿತು. ಆವತ್ತೂ ಈ ಕೈ ಹೀಗೆಯೇ ಇತ್ತು.

ಗಡಿಗೆಯ ತಳದಿಂದ ಒಂದು ಕಾಳು ತೆಗೆದು ಹಿಚುಕಿದ. ಮೆತ್ತಗಿತ್ತು. ಮೇಲಿನಿಂದ ಒಂದು ತೆಗೆದ. ಅದೂ ಮೆತ್ತಗಿತ್ತು. ಅಂಚಿನಿಂದ ಹತ್ತು ತೆಗೆದ. ಹತ್ತೂ ಬೆಂದಿದ್ದವು.

ಆಮೇಲೆಯೇ ಟೊಮ್ಯಾಟೊ ಹಾಕಿ, ಉಪ್ಪು ಹಾಕಿ, ಕಾಳನ್ನು ಖೀಮಾದೊಳಗೆ ಸುರಿದ. ಸುರಿದ ಕೂಡಲೇ ಅನುಮಾನ ಬಂತು. ಹಿಚುಕದೆ ಉಳಿದ ಕಾಳುಗಳಲ್ಲಿ ಒಂದು ಗಟ್ಟಿ ಇದ್ದರೆ?

ಒಂದು ಬಟ್ಟಲಲ್ಲಿ ಹಾಕಿಕೊಂಡು ಅವ್ವನ ಬಳಿ ಓಡಿದ.

“ಅವ್ವಾ, ಒಂದ್ ತುತ್ತು ತಿಂದು ನೋಡ್ರಿ. ಬೆಂದೈತಿ ಅಂತ ನೀವ ಅಂದ್ರ ಸಾಕು.”

“ನಾ ಅಂದ್ರ ಏನಾಗತೈತಿ?”

“ಧೈರ್ಯ ಬರತೈತಿ.”

“ಆ ದಿನ ಗಾಡ್ಯಾಂವ ‘ನಡಿ, ಆತು’ ಅಂದಿದ್ನಲ್ಲ. ಆಗೂ ಧೈರ್ಯ ಬಂದಿತ್ತು.”

ಅವಳು ಬಟ್ಟಲನ್ನು ಮುಟ್ಟಲಿಲ್ಲ.

ದಸ್ತಗೀರ ಒಲೆಯ ಬಳಿ ವಾಪಸ್ಸು ಬಂದ. ಇನ್ನೆರಡು ಕಟ್ಟಿಗೆ ತುರುಕಿದ. ಸೌಟಿನಿಂದ ತಿರುವಿದ, ಹಿಚುಕಿದ, ಮತ್ತೆ ತಿರುವಿದ.

ಜನ ಬರತೊಡಗಿದರು. ಗೋರಿಗೆ ಹೂ ಹಾಕಿ, ಬೇವಿನ ಮರದ ನೆರಳಲ್ಲಿ ಸಾಲಾಗಿ ಕುಳಿತರು. ರೊಟ್ಟಿಯ ಗಂಟು ಬಿಚ್ಚಿದರು. ಹೊತ್ತು ನೆತ್ತಿಗೆ ಬಂತು, ದಾಟಿತು. ಒಬ್ಬಿಬ್ಬರು ಒಲೆಯ ಕಡೆ ಕತ್ತು ಚಾಚಿ ನೋಡಿದರು. ಯಾರೋ ಬರಿ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡರು.

ಅವ್ವ ಎದ್ದು ಬಂದಳು. ಎಡಗೈಯಿಂದ ಒಲೆಯೊಳಗಿನ ಕಟ್ಟಿಗೆಯನ್ನು ಒಂದೊಂದಾಗಿ ಎಳೆದು ಮರಳಲ್ಲಿ ತುರುಕಿ ಆರಿಸಿದಳು.

“ಅವ್ವಾ, ಇನ್ನ ಸ್ವಲ್ಪ—”

“ಕಾಳು ಬೆಂದು ತಾಸಾತು,” ಎಂದಳು. “ಈಗ ಬೇಯಾಕತ್ತಿದ್ದು ನೀನು. ಬಡಿಸು.”

ದಸ್ತಗೀರ ಗಡಿಗೆ ಎತ್ತಿಕೊಂಡು ಸಾಲಿನ ಕಡೆ ತಿರುಗಿದ. ಮೊದಲನೇ ತಟ್ಟೆಯ ಮುಂದೆ ಬಗ್ಗಿದವನು ಹಾಗೆಯೇ ನಿಂತುಬಿಟ್ಟ.

ಸಾಲಿನ ನಡುವೆ ಒಬ್ಬ ಉದ್ದನೆಯ ಗಂಡಸು ಕುಳಿತಿದ್ದ. ಪಕ್ಕದಲ್ಲಿ ಏಳೆಂಟು ವರ್ಷದ ಒಂದು ಹುಡುಗಿ. ಆ ಗಂಡಸನ್ನು ದಸ್ತಗೀರ ಒಂದೇ ಸಲ ನೋಡಿದ್ದ, ಲಾಲಸಾಬನ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಮುಂದಿನವನಾಗಿ. ಅವನು ಲಾಲಸಾಬನ ಮಗ ಬಂದಗಿಸಾಬ.

ದಸ್ತಗೀರ ಗಡಿಗೆ ಕೆಳಗಿಟ್ಟು ಅವ್ವನ ಹತ್ತಿರ ಬಂದ.

“ಅವ ಬಂದಾನ್ರಿ. ಲಾಲಸಾಬನ ಮಗ.”

“ಬರಲಿ. ಹಸದು ಬಂದಿರತಾನ.”

“ನನ್ನ ಗುರ್ತು ಅವಗ ಸಿಕ್ಕಿಲ್ಲ. ನಾ ಆ ಬಾವರ್ಚಿ ಅಂತ ಗೊತ್ತಿಲ್ಲ ಅವಗ.”

“ಹೌದಾ.”

“ಹೇಳಲೇನ್ರಿ?”

ಅವ್ವ ಸಾಲಿನ ಕಡೆ ನೋಡಿದಳು.

“ಊಟಾ ಆದ ಮ್ಯಾಲ ಹೇಳತೀನಿ,” ಎಂದ ದಸ್ತಗೀರ. “ಪಾಪ, ಹೊಟ್ಟಿ ತುಂಬ ಉಣ್ಣಲಿ. ಈಗ ಹೇಳಿದ್ರ ಒಂದ್ ತುತ್ತೂ ಇಳಿಯಂಗಿಲ್ಲ ಅವಗ.”

“ಆ ದಿನಾನೂ ನಿನಗ ಗೊತ್ತಿತ್ತು, ಉಣ್ಣಾವರಿಗೆ ಗೊತ್ತಿರಲಿಲ್ಲ,” ಎಂದಳು ಅವ್ವ.

ದಸ್ತಗೀರ ಕಣ್ಣು ಮುಚ್ಚಿಕೊಂಡ. ಹಿಂದೆ ನದಿಗೆ ಇಳಿಯುವ ದಾರಿ ಖಾಲಿ ಇತ್ತು. ಹೊರಟು ಹೋದರೆ ಯಾರೂ ತಡೆಯುವವರಿರಲಿಲ್ಲ. ಅವ್ವನೂ ತಡೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಅವನು ಸಾಲಿನ ನಡುವೆ ಹೋಗಿ ಬಂದಗಿಸಾಬನ ಮುಂದೆ ಮೊಣಕಾಲೂರಿದ.

“ಅಣ್ಣಾ, ಉಣ್ಣೂದಕ್ಕಿಂತ ಮೊದಲ ಒಂದ್ ಮಾತು ಕೇಳ್ರಿ. ಇವತ್ತಿನ ಅಡಗಿ ನಂದು. ಮೂರು ವರ್ಷದ ಹಿಂದ ನಿಮ್ಮೂರಿನ ಮದುವ್ಯಾಗ ಅಡಗಿ ಮಾಡಿದಾಂವನೂ ನಾನ. ಬಾವಿ ನೀರು ಕೆಟ್ಟಿರಲಿಲ್ಲ. ಕಾಳು ಬೆಂದಿರಲಿಲ್ಲ.”

ಸುತ್ತ ಕುಳಿತವರು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟರು.

ಬಂದಗಿಸಾಬ ಅವನ ಮುಖವನ್ನೇ ನೋಡಿದ. ಗಡ್ಡದ ಹಿಂದೆ ಯಾರನ್ನೋ ಹುಡುಕುವ ಹಾಗೆ.

“ಕಾಳು ಬೆಂದಿಲ್ಲಂತ ಆಗ ಗೊತ್ತಿತ್ತೇನು ನಿನಗ?”

“ಗೊತ್ತಿತ್ತು.”

“ಗೊತ್ತಿದ್ದೂ ಹಾಕಿದಿ.”

“ಹಾಕಿದೆ.”

“ನಮ್ಮಪ್ಪ ಎರಡು ಸಲ ಹಾಕಿಸಿಕೊಂಡ,” ಎಂದ ಬಂದಗಿಸಾಬ. ಅವನ ಧ್ವನಿ ಏರಲಿಲ್ಲ. “ನಾನ ಹಾಕಸಿದೆ. ಹಲ್ಲಿಲ್ಲಪಾ ನನಗ, ಕಾಳು ಗಟ್ಟಿ ಅದಾವು ಅಂದ. ನುಂಗು ಅಂದೆ ನಾನು. ಮದುವಿ ಮನಿ ಊಟ, ಬಿಡಬಾರದು ಅಂದೆ.”

ದಸ್ತಗೀರನಿಗೆ ಇದು ಗೊತ್ತಿರಲಿಲ್ಲ. ಅವನು ತಲೆ ತಗ್ಗಿಸಿ ಕುಳಿತ. ಏಟು ಬೀಳಬಹುದು ಎಂದುಕೊಂಡ. ಬೀಳಲಿ ಎಂದೂ ಅಂದುಕೊಂಡ.

ಬಂದಗಿಸಾಬ ಎದ್ದ. ಗಡಿಗೆಯ ಬಳಿ ಹೋಗಿ ಸೌಟಿನಿಂದ ಒಂದು ಕಾಳು ತೆಗೆದು ಬೆರಳಲ್ಲಿ ಹಿಚುಕಿದ. ತಳದವರೆಗೆ ಸೌಟು ಇಳಿಸಿ ಇನ್ನೊಂದು ತೆಗೆದ. ಮತ್ತೊಂದು. ಅವನ ಬೆರಳೆಲ್ಲ ಕೆಂಪಾಯಿತು.

ಕೊನೆಗೆ ಬೆರಳನ್ನು ಒರೆಸಿಕೊಂಡು ಮಗಳ ಪಕ್ಕಕ್ಕೆ ವಾಪಸ್ಸು ಬಂದ.

“ನಾ ಉಣ್ಣಂಗಿಲ್ಲ,” ಎಂದ. “ಇಕಿ ಮುಂಜಾನಿಂದ ಏನೂ ತಿಂದಿಲ್ಲ. ಇಕಿಗೆ ಹಾಕು.”

ದಸ್ತಗೀರನಿಗೆ ಕೇಳಿದ್ದು ನಿಜವೋ ಸುಳ್ಳೋ ತಿಳಿಯಲಿಲ್ಲ. ಅವ್ವನ ಕಡೆ ತಿರುಗಿ ನೋಡಿದ. ಅವಳು ಬೇರೆ ಎಲ್ಲೋ ನೋಡುತ್ತಿದ್ದಳು.

ಹುಡುಗಿ ತಟ್ಟೆ ಮುಂದೆ ಸರಿಸಿದಳು.

ಅವನು ಬಡಿಸಿದ. ಅವಳು ರೊಟ್ಟಿ ಮುರಿದು ಅದ್ದಿಕೊಂಡು ತಿಂದಳು. ಒಂದೊಂದು ತುತ್ತು ಇಳಿಯುವುದನ್ನೂ ದಸ್ತಗೀರ ನೋಡುತ್ತಿದ್ದ. ಬಂದಗಿಸಾಬನೂ ಮಗಳ ಬಾಯಿಯನ್ನೇ ನೋಡುತ್ತಿದ್ದ.

“ಖಾರ ಐತಿ,” ಎಂದಳು ಹುಡುಗಿ. ಮೂಗು ಒರೆಸಿಕೊಂಡು ಮತ್ತೆ ತಿಂದಳು.

ಆಗ ಉಳಿದವರು ಒಬ್ಬೊಬ್ಬರಾಗಿ ತಟ್ಟೆ ಮುಂದಿಟ್ಟರು. ಎಲ್ಲರೂ ಇಡಲಿಲ್ಲ. ಐದಾರು ಜನ ಬರಿ ರೊಟ್ಟಿ ತಿಂದು ಎದ್ದರು. ದಸ್ತಗೀರ ಯಾರನ್ನೂ ಒತ್ತಾಯ ಮಾಡಲಿಲ್ಲ.

ಊಟವಾದ ಮೇಲೆ ಜನ ಚದುರಿದರು. ಬಂದಗಿಸಾಬ ಹೋಗಲಿಲ್ಲ. ಹುಡುಗಿ ನದಿಯ ದಂಡೆಯಲ್ಲಿ ಕಲ್ಲು ಆರಿಸುತ್ತ ಆಡಿದಳು. ಅವನು ಬೇವಿನ ಮರಕ್ಕೆ ಒರಗಿ ಅವಳ ಮೇಲೆ ಕಣ್ಣಿಟ್ಟು ಕುಳಿತ. ಈ ಕಡೆ ದಸ್ತಗೀರ ಪಾತ್ರೆ ತಿಕ್ಕುತ್ತ ಅವಳನ್ನೇ ನೋಡುತ್ತಿದ್ದ. ಅವಳು ಬಗ್ಗಿದರೆ ಹೊಟ್ಟೆ ನೋವೇನೋ ಎನಿಸುತ್ತಿತ್ತು. ಸುಮ್ಮನೆ ನಿಂತರೆ ತಲೆ ತಿರುಗಿತೇನೋ ಎನಿಸುತ್ತಿತ್ತು.

ಬಿಸಿಲು ಇಳಿಯಿತು. ಹುಡುಗಿ ಅಪ್ಪನ ಬಳಿ ಓಡಿ ಬಂದು, “ಅಬ್ಬಾ, ಮನಿಗಿ ನಡಿ,” ಎಂದಳು.

ಬಂದಗಿಸಾಬ ಎದ್ದು ಅವಳ ಹಣೆ ಮುಟ್ಟಿ ನೋಡಿದ. ಗೋರಿಗೆ ಕೈಮುಗಿದ. ಅವ್ವನಿಗೆ ಸಲಾಮು ಹೇಳಿದ. ದಸ್ತಗೀರನ ಮುಂದೆ ಹಾದು ಹೋಗುವಾಗ ಒಂದು ಕ್ಷಣ ನಿಂತ.

“ಊರಾಗ ಆ ಬಾವಿ ಇನ್ನೂ ಮುಚ್ಚೇ ಐತಿ,” ಎಂದ. “ಬಂದು ಮಂದಿಗೆ ಹೇಳು.”

“ಬರತೀನ್ರಿ.”

“ಯಾವಾಗ?”

“ನಾಳಿ.”

ಬಂದಗಿಸಾಬ ಮಗಳ ಕೈ ಹಿಡಿದು ನಡೆದ. ದಂಡೆಯ ತಿರುವಿನಲ್ಲಿ ಅವರು ಮರೆಯಾಗುವ ತನಕ ದಸ್ತಗೀರ ನೋಡುತ್ತ ನಿಂತಿದ್ದ.

ಆಮೇಲೆ ಬಂದು ಅವ್ವನ ಪಕ್ಕದಲ್ಲಿ ಕುಳಿತ.

“ಅವ್ವಾ, ಅವ ನನಗ ಮಾಫ್ ಮಾಡಿದ್ನೇನ್ರಿ?”

ಅವ್ವ ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲೆ ಮೆಲ್ಲಗೆ ಸರಿಪಡಿಸಿಕೊಂಡಳು.

“ಅದು ಅವನ ಒಲಿ ಮ್ಯಾಲ ಬೇಯಾಕತ್ತೈತಿ, ದಸ್ತಗೀರ. ಮತ್ತೊಬ್ಬರ ಗಡಿಗಿ ಮುಚ್ಚಳ ತಗದು ನೋಡಬಾರದು.”