ಅದಲುಬದಲಾದ ಎರಡು ಎಳೆ

"ಸರ್, ಎಲ್ಲಾ ವರ್ಣತಂತುವಿನಲ್ಲೇ ಬರೆದಿದೆ ಅಂದ ಮೇಲೆ ನಾವು ಮಾಡೋದಾದರೂ ಏನು?"

ಕೇಳಿದವಳು ತನುಜಾ, ರಕ್ತದ ಕ್ಯಾನ್ಸರಿನ ವಾರ್ಡಿನಲ್ಲಿ ಕಲಿಯುತ್ತಿದ್ದ ಕಿರಿಯ ವೈದ್ಯೆ. ಎದುರಿಗೆ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದವರು ಅವಳ ಗುರು ಇಂದುಧರ ಕಮತಗಿ. ಅವಳ ಕೈಯಲ್ಲಿ ಲಾರಿ ಡ್ರೈವರ್ ಮಕ್ತುಂಸಾಬರ ವರದಿ ಇತ್ತು. ಅವರ ರೋಗ ಹಿಡಿದ ಜೀವಕೋಶಗಳಲ್ಲಿ ಏಳನೆಯ ವರ್ಣತಂತುವಿನ ಜೋಡಿಯಲ್ಲಿ ಒಂದು ಇರಲೇ ಇಲ್ಲ. ಅಂಥವರಲ್ಲಿ ರೋಗ ಔಷಧಕ್ಕೆ ಬಗ್ಗುವುದು ಕಡಿಮೆ, ಬಗ್ಗಿದರೂ ಮರುಕಳಿಸುವುದು ಹೆಚ್ಚು ಎಂದು ಅವಳು ಓದಿದ್ದಳು. ಬೆಳಿಗ್ಗೆ ಮಕ್ತುಂಸಾಬರು, "ಡಾಕ್ಟರವ್ವಾ, ನನ್ನ ರಿಪೋರ್ಟ್ ಬಂತೇನ್ರಿ? ಔಷಧ ಯಾವಾಗ ಸುರು ಮಾಡ್ತೀರಿ?" ಎಂದು ಕೇಳಿದ್ದರು. ಅವಳು ಕೇಳಿಸದವಳಂತೆ ಮುಂದಿನ ಹಾಸಿಗೆಗೆ ಹೋಗಿಬಿಟ್ಟಿದ್ದಳು. ಆ ನಾಚಿಕೆ ಇನ್ನೂ ಆರಿರಲಿಲ್ಲ.

ಗುರುಗಳು ನೇಕಾರರ ಮನೆಯಿಂದ ಬಂದವರು. ಏನು ಕೇಳಿದರೂ ಮಗ್ಗದ ಹತ್ತಿರಕ್ಕೇ ಎಳೆದುಕೊಂಡು ಹೋಗುತ್ತಾರೆಂದು ಶಿಷ್ಯರು ಬೆನ್ನ ಹಿಂದೆ ನಗುತ್ತಿದ್ದರು. ಆ ದಿನವೂ ಅವರು ನೇರ ಉತ್ತರ ಕೊಡದೆ ಕತೆ ಹೇಳಿದರು.

ಒಂದು ಊರಿನಲ್ಲಿ ನೇಕಾರರ ಓಣಿ ಇತ್ತು. ಹಾಸನ್ನು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ಮಗ್ಗಕ್ಕೆ ಏರಿಸುವ ಮೊದಲು ಓಣಿಯುದ್ದಕ್ಕೂ ಬಿಗಿದು, ಗಂಜಿ ಹಚ್ಚಿ ಒಣಗಿಸುವುದು ಅವರ ಪದ್ಧತಿ. ಒಣಗಿದ ಮೇಲೆ ಓಣಿಯ ಹಿರಿಯನೊಬ್ಬ ಹಾಸಿನ ಮೇಲೆ ಬೆರಳಾಡಿಸುತ್ತ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ಕೆಲವೆಡೆ ಎಳೆಯೇ ಕಾಣೆಯಾಗಿರುತ್ತಿತ್ತು. ಕೆಲವೆಡೆ ಎರಡು ಎಳೆಗಳು ಒಟ್ಟಿಗೇ ಕಡಿದು, ಅವಸರದ ಕೈ ಇದರ ತುದಿಯನ್ನು ಅದಕ್ಕೂ ಅದರ ತುದಿಯನ್ನು ಇದಕ್ಕೂ ಗಂಟು ಹಾಕಿರುತ್ತಿತ್ತು. ಗಂಜಿ ಒಣಗಿದ ಮೇಲೆ ಆ ಗಂಟು ಬಿಚ್ಚಲು ಬರುವುದಿಲ್ಲ; ಬಿಚ್ಚಹೋದರೆ ಅಕ್ಕಪಕ್ಕದ ಎಳೆಗಳೂ ಹೋಗುತ್ತವೆ.

ಯಾವ ಎಳೆ ಇಲ್ಲ, ಯಾವುದು ಯಾವುದರ ಜೊತೆ ಅದಲುಬದಲಾಗಿದೆ ಎಂದು ತಿಳಿದರೆ ಸಾಕು, ಸೀರೆ ಹೇಗೆ ಬಂದೀತೆಂದು ಹಿರಿಯ ಹೇಳಿಬಿಡುತ್ತಿದ್ದ. ಕೆಲವಕ್ಕೆ "ಹೆದರಬ್ಯಾಡ್ರಿ" ಎನ್ನುತ್ತಿದ್ದ. ಕೆಲವಕ್ಕೆ ತಲೆ ಕೆರೆದುಕೊಳ್ಳುತ್ತಿದ್ದ. ಇನ್ನೂ ನೇಯದ ಸೀರೆಯ ಗತಿ ಒಬ್ಬನ ಬೆರಳ ತುದಿಗೆ ತಿಳಿಯುವುದನ್ನು ಕಂಡು ಓಣಿಗೆ ಓಣಿಯೇ ಬೆರಗಾಗುತ್ತಿತ್ತು. ಅವನ ಮಾತು ಬಹುಮಟ್ಟಿಗೆ ಸುಳ್ಳಾಗುತ್ತಿರಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಅಂಚಿನ ಕೆಂಪೂ ಒಡಲಿನ ಹಸಿರೂ ಅದಲುಬದಲಾದ ಗಂಟು. ಅಂಥ ಹಾಸು ಮಗ್ಗಕ್ಕೇರಿದ ದಿನವೇ ಹರಿದು ಕೈಗೆ ಬರುತ್ತಿತ್ತು. ಅದು ಬೆರಳಿಗೆ ತಾಗಿದರೆ ಹಿರಿಯ ಏನೂ ಹೇಳದೆ ತನ್ನ ಹೆಗಲ ಮೇಲಿನ ವಸ್ತ್ರವನ್ನು ಹಾಸಿನ ಮೇಲೆ ಹಾಕಿ ಹೋಗಿಬಿಡುತ್ತಿದ್ದ. ಮನೆಯವರು ಅತ್ತು, ಹಾಸನ್ನು ಸುತ್ತಿ ಎಸೆಯುತ್ತಿದ್ದರು.

ಆ ಓಣಿಯ ಒಬ್ಬ ಹೆಂಗಸು ತಂಗಿಯ ಧಾರೆ ಸೀರೆಗೆಂದು ಹಾಸು ಮಾಡಿದ್ದಳು. ಹಿರಿಯ ಅದರ ಮೇಲೆ ವಸ್ತ್ರ ಹಾಕಿ ಹೋದ. ಅವಳು ವಸ್ತ್ರವನ್ನು ಮಡಚಿ ಅವನ ಮನೆಗೆ ಮುಟ್ಟಿಸಿ, ಹಾಸನ್ನು ಮಗ್ಗಕ್ಕೆ ಏರಿಸಿದಳು. ಸಂಜೆಯೊಳಗೆ ಅದು ಹರಿಯಿತು. ತಂಗಿ ಬೇರೆಯವರು ನೇಯ್ದ ಸೀರೆ ಉಟ್ಟು ಧಾರೆಗೆ ಕೂತಳು.

ಆದರೆ ಅದು ಹರಿಯುವುದನ್ನು ಆ ಹೆಂಗಸು ಕಣ್ಣಾರೆ ನೋಡಿದ್ದಳು. ಎಸೆಯುವುದೇ ರೂಢಿಯಾದ ಓಣಿಯಲ್ಲಿ ಬೇರಾರೂ ಅದನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. "ಕೆಂಪು ಹಸಿರಿನ ಗಂಟು ಬಂದರ ಒಗೀಬ್ಯಾಡ್ರಿ, ನನಗ ಕೊಡ್ರಿ" ಎಂದು ಮನೆಮನೆಗೆ ಹೇಳಿ ಬಂದಳು. ಇವಳಿಗೆ ತಲೆ ಕೆಟ್ಟಿದೆ ಎಂದು ಜನ ನಕ್ಕರು. ಅವಳು ಪ್ರತಿ ಹಾಸನ್ನೂ ನಾಳೆ ಯಾರೋ ಉಡುವ ಸೀರೆಯೆಂಬಂತೆಯೇ ನೇಯ್ದಳು. ಗೇಣು ಬಂದರೆ ಗೇಣು, ಮೊಳ ಬಂದರೆ ಮೊಳ, ಬಂದಷ್ಟಕ್ಕೆ ಅಂಚು ಹೊಲಿದು ಆ ಮನೆಯವರ ಕೈಗೆ ಕೊಟ್ಟಳು. ಅವರು ಅದನ್ನು ಎದೆಗೊತ್ತಿಕೊಂಡು ಪೆಟ್ಟಿಗೆಯಲ್ಲಿಟ್ಟರು.

ನೇಯುತ್ತ ನೇಯುತ್ತ ಅವಳಿಗೆ ಒಂದು ಹೊಳೆಯಿತು. ಹರಿದೀತೆಂಬ ಭಯಕ್ಕೆ, ಹಿಂದೆ ನೇಯಲು ನೋಡಿದವರಂತೆ ಅವಳೂ ಹಾಸನ್ನು ಇನ್ನಷ್ಟು ಬಿಗಿಯುತ್ತಿದ್ದಳು. ಆ ಗಂಟಿನಲ್ಲಿ ಗಂಜಿ ಕಲ್ಲಾಗಿ ಕೂತು, ಬಿಗಿದಷ್ಟೂ ಅಕ್ಕಪಕ್ಕದ ಎಳೆಗಳನ್ನು ಕೊಯ್ಯುತ್ತಿತ್ತು. ಗಂಟು ಮೆತ್ತಗಾಗದ ಹೊರತು ಗತಿಯಿಲ್ಲ. ನೀರು ಹಚ್ಚಿ ನೋಡಿದಳು, ಎಣ್ಣೆ ಹಚ್ಚಿ ನೋಡಿದಳು. ಕೊನೆಗೆ ಸುಣ್ಣದ ತಿಳಿ ಮುಟ್ಟಿಸಿದಳು. ಸುಣ್ಣ ಎಳೆಯನ್ನು ತಿನ್ನುತ್ತದೆಂದು ಆ ಓಣಿಯಲ್ಲಿ ಎಲೆಯಡಿಕೆ ಡಬ್ಬಿಯನ್ನೂ ಮಗ್ಗದ ಹತ್ತಿರ ಬಿಡುತ್ತಿರಲಿಲ್ಲ. ಅಂಥ ಸುಣ್ಣದ ಒಂದು ಹನಿಗೆ ಗಂಟು ಬೆಣ್ಣೆಯಂತೆ ಮೆತ್ತಗಾಯಿತು. ಲಾಳಿ ಹೋಯಿತು, ಬಂತು, ಮತ್ತೆ ಹೋಯಿತು. ಸೀರೆ ಸೆರಗಿನವರೆಗೂ ಬಂತು.

ಆಮೇಲೆ ಹಿರಿಯನ ಬೆರಳಿಗೆ ಆ ಗಂಟು ತಾಗಿದರೆ ಅವನ ಕೈ ಹೆಗಲ ವಸ್ತ್ರಕ್ಕೆ ಹೋಗುತ್ತಿರಲಿಲ್ಲ. "ಸುಣ್ಣದ ತಿಳಿ ತರ್ರಿ, ಇದು ಎಲ್ಲಾದಕ್ಕಿಂತ ಚಂದ ಬರತೈತಿ" ಎನ್ನುತ್ತಿದ್ದ. ಅದೇ ಬೆರಳು, ಅದೇ ಗಂಟು.

ಕತೆ ಮುಗಿಸಿ ಗುರುಗಳು ಸೂಕ್ಷ್ಮದರ್ಶಕದ ದೀಪ ಆರಿಸಿದರು. ಆ ಗಂಟು ತನುಜಾಳಿಗೆ ಗೊತ್ತಿತ್ತು. ಹದಿನೈದನೆಯ ಮತ್ತು ಹದಿನೇಳನೆಯ ವರ್ಣತಂತುಗಳು ತುಂಡು ಅದಲುಬದಲು ಮಾಡಿಕೊಂಡ ರೋಗಿಗಳು ಒಂದು ಕಾಲಕ್ಕೆ ರಕ್ತ ಸೋರಿ ಕೆಲವೇ ದಿನಗಳಲ್ಲಿ ಸಾಯುತ್ತಿದ್ದರು. ಈಗ ಎ ಜೀವಸತ್ವದ ಸಂಬಂಧಿಯಾದ ಒಂದು ಔಷಧವನ್ನೂ ಅದರ ಜೊತೆಗೆ ಆರ್ಸೆನಿಕ್ ಎಂಬ ಪಾಷಾಣವನ್ನೂ ಹದವರಿತು ಕೊಟ್ಟರೆ ಹೆಚ್ಚಿನವರು ಗುಣವಾಗುತ್ತಾರೆ. ಅಂಥವರನ್ನು ಅವಳೇ ಬಾಗಿಲವರೆಗೆ ಹೋಗಿ ಕಳಿಸಿ ಬಂದಿದ್ದಳು. ಸತ್ತವರ ವರದಿಯಲ್ಲೂ ನಡೆದುಕೊಂಡು ಮನೆಗೆ ಹೋದವರ ವರದಿಯಲ್ಲೂ ಬರೆದದ್ದು ಒಂದೇ. ಇಷ್ಟು ದಿನ ಅದು ಅವಳಿಗೆ ಪರೀಕ್ಷೆಗೆ ಓದಿದ ಪಾಠವಾಗಿತ್ತು, ಅಷ್ಟೆ.

ಆದರೂ ಅವಳ ಕೈಯಲ್ಲಿದ್ದದ್ದು ಮಕ್ತುಂಸಾಬರ ವರದಿ.

"ಸರ್, ಇವರದು ಆ ಗಂಟಲ್ಲ," ಎಂದಳು. "ಇವರದು ಕಾಣೆಯಾದ ಎಳೆ. ಇದಕ್ಕೆ ಸುಣ್ಣದ ತಿಳಿ ಇನ್ನೂ ಯಾರಿಗೂ ಸಿಕ್ಕಿಲ್ಲ."

"ಆ ಹೆಣಮಗಳೂ ಸುಣ್ಣದ ತಿಳಿ ಸಿಕ್ಕ ಮ್ಯಾಲೆ ಮಗ್ಗಕ್ಕ ಕುಂತಾಕಿ ಅಲ್ಲ, ತನುಜಾ."

ಮಕ್ತುಂಸಾಬರ ಹಾಸಿಗೆಯ ಪಕ್ಕದಲ್ಲಿ ಕೂರಲು ತನುಜಾ ಮೂಲೆಯಲ್ಲಿದ್ದ ಸ್ಟೂಲನ್ನು ಎತ್ತಿಕೊಂಡು ವಾರ್ಡಿಗೆ ನಡೆದಳು.