ಗುರುಮಲ್ಲ ಆಟದ ಕಂಪ್ಯೂಟರ್ ಕೂಡಿಸಿದ್ದು

ಇದು ಸುಳ್ಳಲ್ಲ ಕನ್ರವ್ವ, ನಮ್ಮ ಎದುರು ಮನೇದು. ನಡುವೆ ಒಂದು ಕಾರಿನಗಲದ ಬೀದಿ. ಅವರ ಮನೇಲಿ ಲೋಟ ಬಿದ್ದರೆ ನಮ್ಮ ಮನೇಲಿ ಸದ್ದು. ನಾನೇನು ಕಿವಿ ಇಟ್ಟು ಕೇಳೋಳಲ್ಲ, ಅದಾಗಿ ಬಂದು ಬೀಳ್ತದೆ.

ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆಗೆ ಕುಚ್ಚು ಕಟ್ಟೋ ದೇವೀರಮ್ಮ ಅಂತ. ಗಂಡ ಹೋಗಿ ಹತ್ತು ವರ್ಷ. ಇರೋನು ಒಬ್ಬನೇ ಮಗ, ಗುರುಮಲ್ಲ. ಇಪ್ಪತ್ತೆಂಟು ತುಂಬಿದೆ. ನಿಂತರೆ ಬಾಗಿಲ ಚೌಕಟ್ಟು ತುಂಬ್ತಾನೆ, ತಲೆ ಒಳಗೆ ಮಾತ್ರ ಬಾಡಿಗೆಗೂ ಯಾರೂ ಇಲ್ಲ. ಹೇಳಿದ ಮಾತು ಮೀರೋನಲ್ಲ, ಅದೇ ಅವನ ರೋಗ. ಹಾಲು ಉಕ್ಕೋತನಕ ನೋಡ್ತಿರು ಅಂದರೆ ಉಕ್ಕೋತನಕ ನೋಡೋನು, ಉಕ್ಕಿ ಒಲೆ ಆರಿದ ಮೇಲೆ ಅವ್ವನ ಕೂಗಿ, 'ಉಕ್ಕಿತು ಅವ್ವ' ಅನ್ನೋನು.

'ನಿನ್ನ ಹೆತ್ತ ದಿನ ನಾನು ಬೇರೆ ಏನಾದರೂ ಕೆಲಸ ಮಾಡಬಾರದಿತ್ತೆ' ಅಂತ ದೇವೀರಮ್ಮ ಹಣೆ ಹಣೆ ಚಚ್ಚಿಕೊಳ್ಳೋಳು.

ಹೆಣ್ಣು ಕೇಳಿಕೊಂಡು ಹೋದ ಮನೆಯೋರೆಲ್ಲ ಉಪ್ಪಿಟ್ಟು ಕೊಟ್ಟು ಕಳಿಸಿದರು. ಉಳಿದದ್ದು ಒಂದೇ ಮನೆ, ದೇವೀರಮ್ಮನ ತವರು. ಅವಳ ಅಣ್ಣ ಮಹದೇವಪ್ಪ ಚಾಮರಾಜನಗರದಲ್ಲಿ ಕಂಪ್ಯೂಟರ್ ಸಾಮಾನಿನ ಅಂಗಡಿ ಇಟ್ಟಿದ್ದ. ಅವನ ಮಗಳು ಸಿಂಚನ. ಸೋದರಮಾವನ ಮಗಳು, ಕೇಳೋ ಹಕ್ಕು ಇದ್ದೇ ಇದೆ. ಆದರೆ ಆ ಹುಡುಗೀದೂ ಒಂದು ಸಮಾಚಾರ. ಕಿವಿಗೆ ಬಟ್ಟಲು ಬಟ್ಟಲಂಥದ್ದು ಹಾಕಿಕೊಂಡು, ಕಂಪ್ಯೂಟರ್ ಮುಂದೆ ಕಾಲು ಮಡಚಿ ಕೂತು, ಯಾವೂರಿನವರೋ ಏನೋ, ಮುಖ ಕಾಣದ ಗಂಡಸರನ್ನ 'ಹಿಂದಿಂದ ಬಾರೋ, ಬಿಡಬೇಡ, ಹೊಡಿ ಅವನ್ನ' ಅಂತ ಕೂಗೋಳಂತೆ. ನೋಡೋಕೆ ಬಂದ ಗಂಡುಗಳು ಅದ ಕೇಳಿ ಕಾಫಿ ಅರ್ಧಕ್ಕೇ ಬಿಟ್ಟು ಎದ್ದರಂತೆ. ಅದಕ್ಕೇ ಮಹದೇವಪ್ಪನೂ ಒಂದಿಷ್ಟು ಮೆತ್ತಗಾಗಿದ್ದ.

ಇವರು ಕೇಳೋಕೆ ಹೋದಾಗ ಹುಡುಗಿ ಒಂದೇ ಮಾತು ಅಂದಳು. 'ನನ್ನ ಹಳೇ ಕಂಪ್ಯೂಟರು ಆಟದ ನಡುವೆ ನಿಂತು ನಿಂತು ಹೋಗ್ತದೆ. ನನ್ನ ಕಟ್ಟಿಕೊಳ್ಳೋನು ಹೊಸದೊಂದನ್ನ ಕೈಯಾರೆ ಕೂಡಿಸಲಿ. ಅದು ನಡೆದರೆ ಮದುವೆ, ನಡೀದಿದ್ದರೆ ಇಲ್ಲ.'

'ಆಗಲಿ ಕನವ್ವ' ಅಂದಳು ದೇವೀರಮ್ಮ. ಮಗನ ಕಡೆ ತಿರುಗಿ, 'ಲೋ, ಇದೊಂದು ತಪ್ಪಿದರೆ ನಿನಗೆ ಹೆಣ್ಣೂ ಇಲ್ಲ, ನನಗೆ ತವರೂ ಇಲ್ಲ. ತಿಳೀತಾ?'

'ತಿಳೀತವ್ವ' ಅಂದ. ಅವನಿಗೆ ತಿಳೀದೇ ಇದ್ದದ್ದು ಯಾವತ್ತು?

ಕರೆಂಟಿನ ಹಳೇ ಡಬ್ಬಿ ಇದ್ದ ಖಾಲಿ ಪೆಟ್ಟಿಗೆಯೊಂದನ್ನ ಮಾವ ಮೊದಲೇ ಕೊಟ್ಟಿದ್ದ. ಮಿಕ್ಕ ಸಾಮಾನು ಒಂದೊಂದಾಗಿ ಅವನ ಅಂಗಡಿಯಿಂದ ಬಸ್ಸಲ್ಲಿ ತರೋದು, ಮನೇಲಿ ಅದರೊಳಗೆ ಕೂರಿಸೋದು ಅಂತಾಯ್ತು. ಮೊದಲ ದಿನ ತಂದದ್ದು ಪ್ರೊಸೆಸರ್. ಅದು ಕಂಪ್ಯೂಟರಿನ ಮಿದುಳಂತೆ. ಅಂಗೈಯಗಲದ ಬಿಲ್ಲೆ, ಕೆಳಗಡೆ ಕೂದಲಂಥ ಕಾಲುಗಳು. ಈ ಮಹರಾಯ ಅದನ್ನ ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಿ, ಮೇಲೆ ಮನೆ ಬೀಗದ ಕೈ ಹಾಕಿ, ಬಸ್ಸಲ್ಲಿ ಅದರ ಮೇಲೇ ಕೂತು ಬಂದ. ಕಾಲುಗಳೆಲ್ಲ ಮುರುಕು ಬಾಚಣಿಗೆ ಹಲ್ಲಿನ ಹಂಗೆ ಒಂದೊಂದು ಒಂದೊಂದು ದಿಕ್ಕು.

'ಮುಂಡೇದೆ, ನಾಜೂಕು ಸಾಮಾನಿನ ಮೇಲೆ ಕೂರ್ತಾರೇನೋ? ಮೆತ್ತನೆ ಬಟ್ಟೇಲಿ ಸುತ್ತಿ, ಗಾಳಿ ಸೋಕದ ಹಂಗೆ ಬಿಗಿಯಾಗಿ ಕಟ್ಟಿ ಜೋಪಾನ ಮಾಡಬೇಕು.'

'ಆಗಲಿ ಅವ್ವ, ಮುಂದಿನ ಸಾರಿ ಹಂಗೇ ಮಾಡ್ತೀನಿ.'

ಮಹದೇವಪ್ಪ ಸೂಜಿ ಹಿಡಿದು ಒಂದೊಂದೇ ಕಾಲು ನೆಟ್ಟಗೆ ಮಾಡಿಕೊಟ್ಟ. ಮಧ್ಯಾಹ್ನದ ಊಟ ಬಿಟ್ಟು ಮಾಡಿದನಂತೆ, ಪಾಪ.

ಮುಂದಿನ ಸಾರಿ ಬಂದದ್ದು ಫ್ಯಾನು. ಮಿದುಳು ಕಾದರೆ ತಣ್ಣಗೆ ಮಾಡೋ ಪುಟ್ಟ ಫ್ಯಾನು. ನಮ್ಮ ಗುರುಮಲ್ಲ ಮನೆಯೆಲ್ಲ ಹುಡುಕಿದ, ಮೆತ್ತನೆ ಬಟ್ಟೆ ಯಾವುದು ಅಂತ. ಸಿಕ್ಕಿತಲ್ಲ, ಕುಚ್ಚು ಕಟ್ಟೋಕೆ ಬಂದಿದ್ದ ಮೇಷ್ಟರ ಮನೆ ಮದುವೆ ಸೀರೆ! ಅದರ ಸೆರಗಲ್ಲಿ ಫ್ಯಾನು ಸುತ್ತಿದ, ಗಾಳಿ ಸೋಕದ ಹಂಗೆ ಗಂಟು ಹಾಕಿದ, ಗಂಟು ಸಮೇತ ಒಳಗೆ ಕೂರಿಸಿ ಸ್ವಿಚ್ಚು ಒತ್ತಿದ. ಫ್ಯಾನು ಒಂದು ಸುತ್ತು ಮುಲುಗಿತು, ಸೆರಗು ಎಳಕೊಂತು. ಸುಟ್ಟ ರೇಷ್ಮೆ ವಾಸನೆ ನಮ್ಮ ಅಡುಗೆ ಮನೆಗೆ ಬಂತು ನೋಡಿ, ನಾನು ಸೌಟು ಹಿಡಕೊಂಡೇ ಓಡಿದೆ.

ದೇವೀರಮ್ಮ ಸೀರೆ ನೋಡಿದಳು, ಮಗನ್ನ ನೋಡಿದಳು, ಯಾವುದಕ್ಕೆ ಮೊದಲು ಎದೆ ಹೊಡೆದುಕೊಂಡು ಅಳಲಿ ಅನ್ನೋ ಹಂಗೆ ನಿಂತಳು.

'ನೀನೇ ಅಲ್ವಾ ಅವ್ವ, ಗಾಳಿ ಸೋಕಬಾರದು ಅಂದದ್ದು?'

'ಅದು ಗಾಳಿ ಬೀಸೋದು ಕಣೋ ಮಂಕೆ. ಅದಕ್ಕೇ ಗಾಳಿ ಇಲ್ಲ ಅಂದರೆ? ಇಂಥದ್ದನ್ನ ಮುಚ್ಚಳ ತೆಗೆದು, ಬಿಚ್ಚಿ, ಚೆನ್ನಾಗಿ ಗಾಳಿಗೆ ಬಿಡಬೇಕು.'

'ಆಗಲಿ ಅವ್ವ, ಮುಂದಿನ ಸಾರಿ ಹಂಗೇ ಮಾಡ್ತೀನಿ.'

ಮೇಷ್ಟರ ಹೆಂಡತಿ ಬಂದು ಬೀದಿಗೆಲ್ಲ ಕೇಳೋ ಹಂಗೆ ಬೈದಳು. ಏನೇನು ಬೈದಳು ಅಂತ ನಾನು ಹೇಳಲ್ಲ, ಬಿಡುವಾಗಿದ್ದಾಗ ಬನ್ನಿ.

ಆಮೇಲೆ ಬಂತು ಪೇಸ್ಟು. ಮಿದುಳಿಗೂ ಫ್ಯಾನಿಗೂ ನಡುವೆ ಬಳಿಯೋ ಬೂದು ಬಣ್ಣದ ಪೇಸ್ಟು, ಸೂಜಿಮದ್ದಿನ ಕೊಳವೆಯಂಥದ್ದರಲ್ಲಿ ಇರ್ತದೆ. ಇವನು ಮುಚ್ಚಳ ತೆಗೆದ. ಇದ್ದಷ್ಟನ್ನೂ ತಟ್ಟೆಗೆ ಹಿಂಡಿದ. ನಮ್ಮ ಮಾಳಿಗೆ ಹತ್ತಿ, ನಾನು ಒಣಗಿಸಿದ್ದ ಸಂಡಿಗೆ ಪಕ್ಕಕ್ಕೆ ಗಾಳಿಗೆ ಇಟ್ಟ. ಸಂಜೆಗೆ ಅದು ಒಣಗಿ ಬಿರುಕು ಬಿಟ್ಟ ಸೀಮೆಸುಣ್ಣ. ನನ್ನ ಸಂಡಿಗೇಲಿ ಎರಡಕ್ಕೆ ಮೆತ್ತಿಕೊಂಡಿತ್ತು, ಅದನ್ನ ಕೇಳೋರು ಯಾರು?

ಆವತ್ತು ಬೈದದ್ದು ಸಿಂಚನ, ಫೋನಲ್ಲಿ. ಫೋನಿನ ದನಿ ಬೀದಿಗೇ ಬಿಟ್ಟಿದ್ದರು.

'ಅಲ್ಲ ಗುರು, ಅದು ಒಣಗಿಸೋದಲ್ಲ. ಒಂದು ಸಾಮಾನು ಇನ್ನೊಂದಕ್ಕೆ ಸೇರೋ ಕಡೆ, ಕೂರಿಸೋ ಮುಂಚೆ, ಹಸಿಹಸಿಯಾಗಿ ತೆಳ್ಳಗೆ ಹಚ್ಚೋದು. ಇಷ್ಟೂ ಗೊತ್ತಾಗಲ್ವಾ?'

'ಆಗಲಿ ಸಿಂಚನ, ಮುಂದಿನ ಸಾರಿ ಹಂಗೇ ಮಾಡ್ತೀನಿ.'

ಹೊಸ ಪೇಸ್ಟು ಕೊಟ್ಟರು. ಅದನ್ನ ಹಚ್ಚಬೇಕಾದ ಕಡೆ ಹಚ್ಚಿದ, ಅಷ್ಟಕ್ಕೇ ನಿಲ್ಲಿಸಿದನೆ? ಜೊತೆಗೆ ರ‍್ಯಾಮು ಬಂದಿತ್ತು. ಉದ್ದನೆ ಪಟ್ಟಿ, ಅಂಚಿಗೆ ಸಾಲಾಗಿ ಚಿನ್ನದ ಬಣ್ಣದ ಹಲ್ಲುಗಳು. ಅದೂ ಇನ್ನೊಂದಕ್ಕೆ ಸೇರೋದೇ ತಾನೆ? ಮಿಕ್ಕ ಪೇಸ್ಟನ್ನ ಆ ಹಲ್ಲಿಗೆಲ್ಲ ತಿಕ್ಕಿ, ಅದುಮಿ ಕೂರಿಸಿದ. ಸ್ವಿಚ್ಚು ಒತ್ತಿದರೆ ಪೆಟ್ಟಿಗೆ ಕುಂಯ್ ಕುಂಯ್ ಅಂತ ಒಂದೇ ಸಮನೆ ಕೂಗೋಕೆ ಹತ್ತಿತು. ಬೀದಿ ನಾಯಿಗಳು ಉತ್ತರ ಕೊಟ್ಟವು.

ಮಹದೇವಪ್ಪ ತಾನೇ ಬಂದ. ಪಟ್ಟಿ ಕಿತ್ತು ನೋಡಿ, ಗೋಡೆಗೆ ಒರಗಿ ಕೂತ.

'ಏನಯ್ಯಾ, ಹಲ್ಲುಪುಡಿ ಹಾಕಿ ಉಜ್ಜಿದ್ದೀಯಲ್ಲ. ಈ ಹಲ್ಲಿಗೆ ಏನೂ ಸೋಕಬಾರದು. ಅಕ್ಷರ ಅಳಿಸೋ ರಬ್ಬರ್ ಇಲ್ವಾ, ಅದ ತಗೊಂಡು ಉಜ್ಜು. ಕೂರಿಸೋ ಮುಂಚೆ ಮೇಲಿರೋದೆಲ್ಲ ಹೋಗೋ ಹಂಗೆ ಉಜ್ಜು.'

'ಆಗಲಿ ಮಾವ, ಮುಂದಿನ ಸಾರಿ ಹಂಗೇ ಮಾಡ್ತೀನಿ.'

ಮುಂದಿನ ಸಾರಿ ಬಂದದ್ದು ಗ್ರಾಫಿಕ್ಸ್ ಕಾರ್ಡು. ಆಟದ ಬೊಂಬೆಗಳನ್ನ ಕುಣಿಸೋದು ಅದೇ ಅಂತೆ, ಇದ್ದದ್ದರಲ್ಲೆಲ್ಲ ದೊಡ್ಡ ಸಾಮಾನು. ಇವನು ಜಗಲೀಲಿ ಕೂತು ರಬ್ಬರ್ ಹಿಡಿದ. ಉಜ್ಜಿದ, ಉಜ್ಜಿದ. ಹಲ್ಲು ಉಜ್ಜಿದ, ಬೆನ್ನು ಉಜ್ಜಿದ, ಬೆನ್ನ ಮೇಲೆ ಕಂಪನಿಯೋರು ಅಂಟಿಸಿದ್ದ ನಂಬರಿನ ಚೀಟಿ ಉಜ್ಜಿದ. ಮೇಲಿರೋದೆಲ್ಲ ಹೋಯ್ತು. ಗ್ಯಾರಂಟಿಯೂ ಹೋಯ್ತು. ಕೆಟ್ಟರೆ ಆ ನಂಬರು ತೋರಿಸಬೇಕಿತ್ತಂತೆ.

ದೇವೀರಮ್ಮನಿಗೆ ಅತ್ತೂ ಅತ್ತೂ ಸಾಕಾಗಿತ್ತು. 'ಕೂರಿಸಾದರೂ ಕೂರಿಸೋ' ಅಂದಳು.

ಕೂರಿಸಿದ. ಬಣ್ಣ ಬಣ್ಣದ ದೀಪ ಹತ್ತಿತು, ಎರಡು ನಿಮಿಷಕ್ಕೆ ಆರಿತು. ಮತ್ತೆ ಒತ್ತಿದರೆ ಮತ್ತೆ ಹತ್ತಿತು, ಮತ್ತೆ ಆರಿತು. ಮಹದೇವಪ್ಪನಿಗೆ ಫೋನು ಹೋಯ್ತು. ಆ ಗಂಡಸಿಗೆ ಬೈಯೋಕೂ ಉಸಿರಿಲ್ಲ.

'ಇದು ನಿನ್ನ ತಪ್ಪಲ್ಲ ಕಣಯ್ಯ, ಆಶ್ಚರ್ಯ. ದೊಡ್ಡ ಕಾರ್ಡಿಗೆ ಹಳೇ ಪವರ್ ಸಪ್ಲೈ ಸಾಲದು, ಕರೆಂಟು ಕೊಡೋ ಡಬ್ಬಿ, ಅದು. ದೊಡ್ಡದು ಬೇಕು. ಸರಿಯಾಗಿ ಕೇಳಿಸ್ಕೊ. ಹೊಸದು ಬರೋ ಮುಂಚೆ ಹಳೇದನ್ನ ಎತ್ತಿ ಆಚೆಗಿಡು, ಒಂದು ಜಾಗದಲ್ಲಿ ಎರಡು ಕೂರಲ್ಲ. ಧೂಳು ಒರೆಸು. ಕಾಗದ ಜೊತೆಗಿಡು. ಯಾರ ಮನೆಯಿಂದ ಬಂತೋ ಅವರ ಕೈಗೇ ವಾಪಸ್ ಕೊಡು, ಹೊಸದು ಇಸ್ಕೊ.'

ಕೇಳಿ ಈಗ. ಅಷ್ಟನ್ನೂ ಹಂಗೇ ಮಾಡಿದ. ಒಂದೂ ತಪ್ಪಲಿಲ್ಲ. ಹಳೇದು ತೆಗೆದ, ಒರೆಸಿದ, ಕಾಗದ ಇಟ್ಟ, ಮಾವನ ಕೈಗೆ ಕೊಟ್ಟ, ಹೊಸದು ತಂದು ಕೂರಿಸಿದ. ದೀಪ ಹತ್ತಿತು, ಆರಲಿಲ್ಲ. ಮಾರನೇ ದಿನ ಪೆಟ್ಟಿಗೆ ಚಾಮರಾಜನಗರಕ್ಕೆ ಹೋಯ್ತು. ಸಿಂಚನ ಮೂರು ಗಂಟೆ ಆಡಿ, 'ನಿಲ್ಲಲಿಲ್ಲ ಅಪ್ಪ, ಹೂಂ ಅನ್ನಿ' ಅಂದಳಂತೆ.

ದೇವೀರಮ್ಮ ಮಗನ ತಲೆ ಸವರಿದ್ದನ್ನ ನಾನು ಈ ಕಣ್ಣಿಂದ ಕಂಡೆ. 'ಈಗ ಸರಿಯಾಗಿ ಮಾಡ್ದೆ ನನ್ನಪ್ಪ. ಇನ್ನು ಮೇಲೆ ಈ ಮನೆಗೆ ಹೊಸದು ಏನೇ ಬರಲಿ, ಹಿಂಗೇ ಮಾಡು.'

'ಆಗಲಿ ಅವ್ವ' ಅಂದ.

ಸೋಮವಾರ ಬೆಳಿಗ್ಗೆ ತಾಂಬೂಲ ಬದಲಾಯಿಸೋಕೆ ಹೆಣ್ಣಿನೋರು ಬರ್ತಾರೆ ಅಂತಾಯ್ತು. ದೇವೀರಮ್ಮ ಧಾರೆ ಸೀರೆ ಉಟ್ಟು, ನಡುಮನೇಲಿ ಕುರ್ಚಿ ಮೇಲೆ ಕೂತು ಹೂ ಕಟ್ತಿದ್ದಳು. ಗುರುಮಲ್ಲ ಬಂದ. ಒಣ ಬಟ್ಟೇಲಿ ಅವ್ವನ ಮುಖ ಒರೆಸಿದ, ಕೈ ಒರೆಸಿದ. ಕುರ್ಚಿ ಸಮೇತ ಎತ್ತಿ ಜಗಲೀಲಿ ತಂದು ಕೂರಿಸಿದ. ಅವಳ ಟ್ರಂಕು ಪಕ್ಕಕ್ಕಿಟ್ಟ. ಹಳೇ ಕಾಗದವೊಂದನ್ನ ಮಡಿಲಲ್ಲಿಟ್ಟು, 'ಅಲ್ಲಾಡಬೇಡವ್ವ' ಅಂದ.

ದೇವೀರಮ್ಮ ನನ್ನ ಕಡೆ ನೋಡಿ, 'ನೋಡಿದ್ರಾ ಅಕ್ಕ, ಬೀಗರನ್ನ ಎದುರುಗೊಳ್ಳಲಿ ಅಂತ ಅವ್ವನ್ನ ಮುಂದೆ ಕೂರಿಸಿದ್ದಾನೆ' ಅಂತ ಕಣ್ಣೊರೆಸಿಕೊಂಡಳು. ನಾನೂ ನಂಬಿದೆ, ಸುಳ್ಳು ಯಾಕೆ ಹೇಳಲಿ.

ಕಾರು ಬಂತು. ಮಹದೇವಪ್ಪ ಇಳಿದ. ಸಿಂಚನ ಒಂದು ಕಾಲು ಇಳಿಸಿದಳು.

'ಯಾಕವ್ವ ದೇವೀರಿ, ಟ್ರಂಕು ಇಟ್ಕೊಂಡು ಆಚೆ ಕೂತಿದ್ದೀ?'

ಗುರುಮಲ್ಲ ಮುಂದೆ ಬಂದು ಕೈ ಮುಗಿದ. 'ಹಳೇದು ಮಾವ. ನಿಮ್ಮ ಮನೆಯಿಂದಲೇ ಬಂದದ್ದು. ಲಗ್ನಪತ್ರಿಕೆ ಮಡಿಲಲ್ಲಿದೆ, ನೋಡಿಕೊಳ್ಳಿ. ಒರೆಸಿದ್ದೀನಿ. ಮೂವತ್ತು ವರ್ಷ ಆದರೂ ಓಡ್ತದೆ, ಸದ್ದು ಮಾತ್ರ ಜಾಸ್ತಿ. ತಗೊಂಡು ಹೊಸದು ಕೊಡಿ.'

ಇಳಿಸಿದ್ದ ಕಾಲನ್ನ ಸಿಂಚನ ಮೆಲ್ಲಗೆ ಒಳಗೆಳಕೊಂಡಳು.

ದೇವೀರಮ್ಮ ಮಡಿಲಿನ ಪತ್ರಿಕೆ ನೋಡಿದಳು. ಮಗನ್ನ ನೋಡಿದಳು. ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಟ್ರಂಕು ಎತ್ತಿಕೊಂಡು ಕಾರಿನ ಹಿಂದಿನ ಸೀಟಲ್ಲಿ ಹೋಗಿ ಕೂತಳು.

'ನಡಿ ಅಣ್ಣಯ್ಯ. ಇವನು ಇಷ್ಟು ವರ್ಷಕ್ಕೆ ನನಗೆ ಮಾಡಿದ ಉಪಕಾರ ಇದೊಂದೇ.'

ಕಾರು ಹೊರಟಿತು. ಗುರುಮಲ್ಲ ಪಂಚೆ ಎತ್ತಿ ಹಿಡಕೊಂಡು ಬೀದಿ ಉದ್ದಕ್ಕೂ ಓಡಿದ, ಕೂಗಿಕೊಂಡು.

'ಮಾವ, ನಿಲ್ಲಿಸಿ ಮಾವ. ಹಳೇದು ಹತ್ತಿಸ್ಕೊಂಡ್ರಿ, ಹೊಸದು ಇಳಿಸೋದೇ ಮರೆತ್ರಿ.'